ಕತ್ತಲೆಯೊಳಗಿನ ಕಣ್ಣು

ಇಂದ್ರಿಯಗಳಲ್ಲೆಲ್ಲ ಕಣ್ಣೇ ಮಿಗಿಲೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಹಗಲಿರುಳೂ ನೆಲದೊಳಗೆ ಬಾಳುವ ಜೀವಿಗೆ ಕಣ್ಣಿನಿಂದೇನು ಪ್ರಯೋಜನ? ಮೆಡಿಟರೇನಿಯನ್ ಸಮುದ್ರದ ಪೂರ್ವತೀರದಲ್ಲಿ, ಇಸ್ರೇಲ್ ಮೊದಲಾದ ನಾಡುಗಳ ಮಣ್ಣಿನಡಿಯಲ್ಲಿ, ಸ್ಪಾಲ್ಯಾಕ್ಸ್ ಎಂಬ ಕುರುಡಿಲಿ ವಾಸಿಸುತ್ತದೆ. ಅದು ಹಲ್ಲಿನಿಂದ ನೆಲವನ್ನು ಅಗೆದು, ಬೇರು ಗೆಡ್ಡೆಗಳನ್ನು ತಿಂದು ಜೀವಿಸುತ್ತದೆ. ಅದರ ಕಣ್ಣು ಒಂದು ಮಿಲಿಮೀಟರಿಗಿಂತಲೂ ಕಿರಿದು. ಮೇಲೆ ತೊಗಲೂ ತುಪ್ಪಳವೂ ಮುಚ್ಚಿಕೊಂಡಿವೆ.

1859ರಲ್ಲಿ ಪ್ರಕಟವಾದ ‘ಜೀವಿಜಾತಿಗಳ ಉಗಮ’ ಎಂಬ ಗ್ರಂಥದಲ್ಲಿ ಚಾರ್ಲ್ಸ್ ಡಾರ್ವಿನ್ನನು ಬಿಲವಾಸಿಗಳ ಕಣ್ಣು ಕ್ಷೀಣಿಸಿರುವುದನ್ನು ಚರ್ಚಿಸಿದ್ದಾನೆ. ಬಳಕೆ ತಪ್ಪಿದುದೇ ಇದಕ್ಕೆ ಕಾರಣವಿರಬೇಕೆಂದೂ ನಿಸರ್ಗದ ಆಯ್ಕೆಯೂ ನೆರವಾಗಿರಬಹುದೆಂದೂ ಅವನು ಊಹಿಸಿದನು. ಬಳಕೆ ತಪ್ಪಿದ ಅಂಗ ಅಳಿಯುವುದಾದರೂ ಹೇಗೆ? ಇದಕ್ಕೆ ಸ್ಪಷ್ಟವಾದ ಉತ್ತರ ದೊರೆತುದು ವಂಶವಾಹಿಗಳಲ್ಲಿ.

ಕಣ್ಣಿನ ಮಸೂರ ತಿಳಿನೀರಿನಂತೆ ಪಾರದರ್ಶಕವಾಗಿರುವುದು ಕ್ರಿಸ್ಟಲಿನ್ ಎಂಬ ಪ್ರೋಟೀನುಗಳ ದೆಸೆಯಿಂದ. ಮಸೂರದ ನಡುಭಾಗದಲ್ಲಿರುವ ಪ್ರೋಟೀನುಗಳು ಹುಟ್ಟುವ ಮೊದಲೇ ಸಿದ್ಧವಾಗಿ ಬಾಳಿನುದ್ದಕ್ಕೂ ಉಳಿಯುತ್ತವೆ. ಅವು ಕೆಟ್ಟು ಗಂಟುಕಟ್ಟಿದರೆ ಕಣ್ಣಿಗೆ ಪೊರೆ ಬರುತ್ತದೆ. ಇವುಗಳನ್ನು ರಚಿಸುವ ಕ್ರಮ ವಂಶವಾಹಿಗಳಲ್ಲಿ ಬರಹದಂತೆ ಅಡಗಿದೆ. ಆ ಬರಹ ತಲೆಮಾರಿನಿಂದ ತಲೆಮಾರಿಗೆ ನಕಲಾಗುವಾಗ ಆಗೊಮ್ಮೆ ಈಗೊಮ್ಮೆ ಅಕ್ಷರ ತಪ್ಪುತ್ತದೆ. ಬಯಲಿನಲ್ಲಿ ಓಡಾಡುವ ಇಲಿಯ ಮಸೂರ ಹೀಗೆ ಮಬ್ಬಾದರೆ ಅದು ಬೇಗನೆ ಹದ್ದಿಗೆ ಆಹಾರವಾಗುತ್ತದೆ; ತಪ್ಪೂ ಅದರೊಡನೆ ಅಳಿಯುತ್ತದೆ. ಬಿಲದ ಕತ್ತಲೆಯಲ್ಲಿ ಅಂಥ ಕಾವಲಿಲ್ಲ. ಕುರುಡಾದ ಇಲಿಯೂ ಬದುಕುತ್ತದೆ, ಮರಿಗಳನ್ನು ಹೆರುತ್ತದೆ. ಯಾರೂ ನಡೆಯದ ದಾರಿಯಲ್ಲಿ ಹುಲ್ಲು ಬೆಳೆಯುವಂತೆ ತಪ್ಪುಗಳು ಬೆಳೆಯುತ್ತವೆ. ಪೂರ್ವ ಆಫ್ರಿಕದ ಬೋಳು ಬಿಲದಿಲಿಯ ವಂಶವಾಹಿಗಳನ್ನು 2011ರಲ್ಲಿ ಓದಿದಾಗ, ನೋಟಕ್ಕೆ ಬೇಕಾದ ಹಲವು ವಂಶವಾಹಿಗಳು, ಮಸೂರದ ಕೆಲವು ಪ್ರೋಟೀನುಗಳವೂ ಸೇರಿ, ಕೆಟ್ಟುಹೋಗಿದ್ದುದು ಕಂಡುಬಂದಿತು.

ಆದರೆ ಸ್ಪಾಲ್ಯಾಕ್ಸಿನ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ನೆದರ್ಲೆಂಡ್ಸ್ ಮತ್ತು ಇಸ್ರೇಲಿನ ವಿಜ್ಞಾನಿಗಳು 1987ರಲ್ಲಿ ಅದರ ಆಲ್ಫಾ-ಎ ಕ್ರಿಸ್ಟಲಿನ್ ವಂಶವಾಹಿಯನ್ನು ಪರೀಕ್ಷಿಸಿದರು. ಕಣ್ಣುಳ್ಳ ಇಲಿಗಳಲ್ಲಿಗಿಂತ ಅದು ಬಹು ಬೇಗ ಬದಲಾಗಿತ್ತು. ಆದರೂ ಪೂರ್ತಿಯಾಗಿ ಹಾಳಾಗಿರಲಿಲ್ಲ. ಕಣ್ಣು ರೂಪುಗೊಳ್ಳುವುದಕ್ಕೆ ಈ ಪ್ರೋಟೀನು ಇನ್ನೂ ಬೇಕಿರಬಹುದೆಂದು ಅವರು ತರ್ಕಿಸಿದರು. ಆ ಪುಟ್ಟ ಕಣ್ಣಾದರೂ ನಿರುಪಯುಕ್ತವಲ್ಲ. ಅದಕ್ಕೆ ಯಾವ ರೂಪವೂ ಕಾಣದು. ಆದರೆ ತೊಗಲಿನ ಮರೆಯಲ್ಲಿದ್ದುಕೊಂಡೇ ಅದು ಬೆಳಕನ್ನು ಗ್ರಹಿಸಿ, ದೇಹದ ದಿನಚರಿಯನ್ನು ಹಗಲಿರುಳುಗಳಿಗೆ ಹೊಂದಿಸುತ್ತದೆ.

ಮನುಷ್ಯನೂ ಈ ನಿಯಮಕ್ಕೆ ಹೊರತಲ್ಲ. ಇಲಿಗಳಲ್ಲಿ ಕೆಲಸಮಾಡುವ ಗಾಮಾ ಕ್ರಿಸ್ಟಲಿನ್ನಿನ ಎರಡು ವಂಶವಾಹಿಗಳು ಮನುಷ್ಯನಲ್ಲಿ ಕೆಟ್ಟು ಮೂಕವಾಗಿವೆ. ಉಳಿದವು ಸಾಲುವುದರಿಂದ ಅವನ ನೋಟಕ್ಕೆ ಕುಂದಿಲ್ಲ. ಕುರುಡಿಲಿಯನ್ನು ಕಂಡು ಮರುಗುವವನ ಒಂದೊಂದು ಜೀವಕೋಶದಲ್ಲಿಯೂ ಅಂಥದೇ ಮಾಸಿದ ಬರಹ ಉಳಿದಿದೆ. ಹಾಳೂರಿನ ಗೋಡೆಗಳು ಹಿಂದಿನ ವಸತಿಯನ್ನು ಸಾರುವಂತೆ, ಪೂರ್ವಜರು ಒಮ್ಮೆ ಪಡೆದಿದ್ದುದಕ್ಕೆ ಅದು ಸಾಕ್ಷಿ ನುಡಿಯುತ್ತದೆ.