ನಿಂತುಹೋದ ಪ್ರೊಪೆಲರ್

ಪುಣೆಯಿಂದ ಯಲಹಂಕದ ಏರೋ ಇಂಡಿಯಾಕ್ಕೆ ಬಂದಿದ್ದ ಮಗ, ವಾಯುಪಡೆಯ ಹಳೆಯ ಡಕೋಟಾ ‘ಪರಶುರಾಮ’ನ ಫೋಟೋ ತೆಗೆದು ಸಂಜೆ ಅಪ್ಪನಿಗೆ ವಾಟ್ಸ್ಆ್ಯಪ್ ಮಾಡಿದ. 400 ಎಂಎಂ ಲೆನ್ಸ್, ಶಟರ್ 1/2000 ಸೆಕೆಂಡ್. ರಿವೆಟ್ ಎಣಿಸುವಷ್ಟು ಸ್ಪಷ್ಟ.

ಅಪ್ಪ ಡಕೋಟಾ ಎಂಜಿನ್‌ಗಳನ್ನು ರಿಪೇರಿ ಮಾಡುತ್ತಲೇ ನೌಕರಿ ಮುಗಿಸಿದವರು. ಆ ಸದ್ದಿಗೇ ಕಿವಿ ಮಂದವಾಗಿ, ಈಗ ಫೋನಿನಲ್ಲಿ ಮಾತಾಡುವುದಿಲ್ಲ, ಬರೆಯುತ್ತಾರೆ. ಬರೆದರು: “ಎರಡೂ ಎಂಜಿನ್ ನಿಂತಿವೆಯಲ್ಲೋ, ಹಾರ್ತಿರೋದು ಹೇಗೆ?”

ಮಗನಿಗೆ ಆಗ ಕಂಡಿತು. ಜೆಟ್‌ಗಳಿಗೆಂದು ಇಟ್ಟಿದ್ದ ಶಟರ್ ವೇಗ, ಪ್ರೊಪೆಲರ್‌ನ ಮೂರೂ ಅಲಗುಗಳನ್ನು ಗಾಳಿಯಲ್ಲೇ ಕಟ್ಟಿಹಾಕಿತ್ತು. ಅದು ಸೆಕೆಂಡಿಗೆ ಸುಮಾರು 20 ಸುತ್ತು ತಿರುಗುತ್ತದೆ. ಅಲಗುಗಳು ಸೇರಿ ಪೂರ್ತಿ ಚಕ್ರವಾಗಿ ಕಾಣಬೇಕಾದರೆ ಶಟರ್ 1/60ರ ಹತ್ತಿರಕ್ಕೆ ಇಳಿಯಬೇಕು. ಆಗ ಉದ್ದ ಲೆನ್ಸಿನಲ್ಲಿ ಕೈಯ ಸಣ್ಣ ನಡುಕವೂ ದೊಡ್ಡದು. ವಿಮಾನದ ಜೊತೆಗೇ ಸೊಂಟ ತಿರುಗಿಸುತ್ತ, ತಡೆಯದೆ ಒತ್ತಬೇಕು.

ಮರುದಿನ ತೆಗೆದ ಇನ್ನೂರರಲ್ಲಿ ಉಳಿದದ್ದು ಮೂರು. ಒಂದರಲ್ಲಿ ಮೂಗಷ್ಟೇ ಸ್ಪಷ್ಟ, ಬಾಲ ಮಸುಕು, ರಿವೆಟ್ ಒಂದೂ ಕಾಣದು. ಎಂಜಿನ್‌ಗಳ ಮುಂದೆ ಮಾತ್ರ ಎರಡು ತೆಳು ಚಕ್ರ. ಅದನ್ನೇ ಕಳಿಸಿದ.

ಉತ್ತರ ಬಂದಾಗ ರಾತ್ರಿ ಹನ್ನೊಂದು. “ಈಗ ಸರಿ. ಓಡ್ತಿವೆ.”