ಮಾಡಿನ ಇಸವಿ, ನೆಲದ ಹೊಯ್ಗೆ

ಆಟಿಯ ಮಳೆ ಇಳಿದು ಸೋಣ ಹಿಡಿಯುವ ಹೊತ್ತಿಗೆ ನಮ್ಮ ಕಡೆ ಈಗ ಒಂದು ಹೊಸ ಕಸುಬಿನವರು ಊರ ಮೇಲೆ ಹೊರಡುತ್ತಾರೆ. ಬೈಕಿನ ಹಿಂದೆ ಕಟ್ಟಿದ ಹಳದಿ ಬಣ್ಣದ ಮೋಟಾರು, ಹೆಗಲಿಗೆ ಸುತ್ತಿಕೊಂಡ ಪೈಪು, ಅದರ ತುದಿಗೆ ಉದ್ದ ಮೂತಿಯ ಗನ್ನು. ಮೊನ್ನೆ ಅಂಥವನೊಬ್ಬ ಗೇಟಿನ ಹೊರಗಿನಿಂದಲೇ ನಮ್ಮ ಕಾರಿನ ಶೆಡ್ಡಿನತ್ತ ಕಣ್ಣು ಹಾಯಿಸಿ, "ಸರ್, ಇಂಟರ್‌ಲಾಕ್ ತೊಳೆಯಲಿಕ್ಕೆ ಉಂಟಾ? ಪೂರಾ ಹಸಿರಾಗಿದೆ. ಒಂದು ಗಂಟೆಯಲ್ಲಿ ಹೊಸತರ ಹಾಗೆ ಮಾಡಿಕೊಡ್ತೇನೆ" ಎಂದ. ಹಸಿರಾದದ್ದು ನಿಜವೇ. ಬೇಡವೆಂದೆ. ಯಾಕೆಂದು ಕೇಳಿದ. "ಹೊಯ್ಗೆ ಹೋಗ್ತದೆ ಮಾರಾಯ" ಅಂದೆ. "ಹೊಯ್ಗೆ ಹೋದರೆ ಎಂತ ಸರ್, ಕಲ್ಲು ಹೋಗುದಿಲ್ಲವಲ್ಲ" ಎಂದು ನಕ್ಕು ಬೈಕಿಗೆ ಒದ್ದ. ಅವನಿಗೆ ಕೊಡಬೇಕಾಗಿದ್ದ ಉತ್ತರ ಸ್ವಲ್ಪ ಉದ್ದದ್ದು.

ಇಂಟರ್‌ಲಾಕ್ ಹಾಕುವವರು ಕಲ್ಲಿಗೂ ಕಲ್ಲಿಗೂ ನಡುವೆ ಎರಡರಿಂದ ನಾಲ್ಕು ಮಿಲಿಮೀಟರ್ ಸಂದು ಬಿಡುತ್ತಾರೆ. ಆ ಸಂದಿಗೆ ಒಣಗಿದ ನಯವಾದ ಹೊಯ್ಗೆ ಸುರಿದು, ಗುಡಿಸಿ ಗುಡಿಸಿ ಇಳಿಸಿ, ಮೇಲಿಂದ ಯಂತ್ರದಲ್ಲಿ ತಟ್ಟುತ್ತಾರೆ. ಸಿಮೆಂಟಿಲ್ಲ, ಗಾರೆಯಿಲ್ಲ. ಕಾರಿನ ಗಾಲಿ ಒಂದು ಕಲ್ಲಿನ ಮೇಲೆ ಕೂತಾಗ ಆ ಭಾರವನ್ನು ಪಕ್ಕದ ಕಲ್ಲುಗಳಿಗೆ ದಾಟಿಸುವುದು ಸಂದಿನೊಳಗೆ ಬಿಗಿದು ಕೂತ ಹೊಯ್ಗೆಯೇ. ಕಲ್ಲಿನ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡು ನಿಂತಿವೆ ಎಂದು ಎಲ್ಲರೂ ನಂಬಿದ್ದಾರೆ. ಹಲ್ಲಿನಿಂದ ಒಂದಷ್ಟು ಸಹಾಯವಿದೆ, ಹಿಡಿತ ಮಾತ್ರ ಹೊಯ್ಗೆಯದು. ಗನ್ನಿನ ನೀರನ್ನು ನೇರ ಸಂದಿಗೇ ಬಿಟ್ಟರೆ ಪಾಚಿಯ ಜೊತೆಗೆ ಹೊಯ್ಗೆಯೂ ಎದ್ದು ಚರಂಡಿ ಸೇರುತ್ತದೆ. ಅಂಗಳ ಆ ದಿನ ಫಳಫಳ ಎನ್ನುತ್ತದೆ. ಬರುವ ಮಳೆಗಾಲಕ್ಕೆ ಗಾಲಿ ತಿರುಗುವ ಜಾಗದಲ್ಲಿ ಒಂದು ಕಲ್ಲು ಕುಸಿದು, ಇನ್ನೊಂದು ಎದ್ದು, ಮಗುವಿನ ಹಾಲುಹಲ್ಲಿನ ಹಾಗೆ ಅಲುಗಾಡತೊಡಗುತ್ತದೆ.

ಈ ನೆಲದ ಸಂಸಾರ ತೀರಾ ಹಳೆಯದಲ್ಲ. ಎರಡನೇ ಮಹಾಯುದ್ಧ ಮುಗಿದಾಗ ಬಾಂಬಿಗೆ ನುಚ್ಚುನೂರಾದ ರಾಟರ್‌ಡ್ಯಾಮಿನಂಥ ಡಚ್ ಊರುಗಳಲ್ಲಿ ಮನೆ ಕಟ್ಟಲಿಕ್ಕೇ ಇಟ್ಟಿಗೆಗೆ ತತ್ವಾರ. ರಸ್ತೆಗೆ ಹಾಸಲು ಎಲ್ಲಿಂದ ತರುವುದು? ಹಾಗಾಗಿ ಕಾಂಕ್ರೀಟಿನಲ್ಲೇ ಇಟ್ಟಿಗೆಯಳತೆಯ ಕಲ್ಲು ಎರೆದರು. ಮುಂದೆ 1960ರ ದಶಕದಲ್ಲಿ ಜರ್ಮನಿಯ ಫ್ರಿಟ್ಸ್ ಫಾನ್ ಲಾಂಗ್ಸ್‌ಡಾರ್ಫ್ ಎಂಬವರು ಆ ಕಲ್ಲಿನ ಅಂಚನ್ನು ಅಂಕುಡೊಂಕು ಮಾಡಿ, ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಕೂರುವ ಆಕಾರ ಕೊಟ್ಟರು. ನಮ್ಮ ಶೆಡ್ಡಿನದು ಆ ಆಕಾರದ ಮೊಮ್ಮಗ ಇರಬೇಕು. ಇಷ್ಟರ ಮೇಲೆ ಅದರ ಚರಿತ್ರೆಯಲ್ಲಿ ನನಗೆ ಆಸಕ್ತಿ ಇಲ್ಲ. ಏಕೆಂದರೆ ಒಂದಕ್ಕೊಂದು ಕೂರಿಸಿ, ಗಾರೆ ಹಾಕದೆ, ಅದರದರ ಭಾರಕ್ಕೇ ನಿಲ್ಲಿಸುವ ವಿದ್ಯೆ ನಮ್ಮವರ ತಲೆಯ ಮೇಲೆ ಬಂದು ಕೂತು ಅಷ್ಟರಲ್ಲೇ ನೂರು ವರ್ಷವಾಗುತ್ತ ಬಂದಿತ್ತು. ನಾನು ಹೇಳುತ್ತಿರುವುದು ಹೆಂಚಿನ ವಿಷಯ.

ನಮ್ಮ ಹಳೆಯ ಮನೆಯ ಚಾವಡಿಗೆ ಮುಚ್ಚಿಗೆ ಇರಲಿಲ್ಲ. ಮಲಗಿ ಕಣ್ಣು ತೆರೆದರೆ ಪಕ್ಕಾಸು, ರೀಪು, ಅದರ ನಡುನಡುವೆ ಹೆಂಚಿನ ಹೊಟ್ಟೆ. ಆ ಹೊಟ್ಟೆಯ ಮೇಲೆ ಉಬ್ಬಿದ ಇಂಗ್ಲಿಷ್ ಅಕ್ಷರದಲ್ಲಿ ಬಾಸೆಲ್ ಮಿಷನ್ ಟೈಲ್ ವರ್ಕ್ಸ್ ಎಂದೂ, ಜೊತೆಗೆ 1865 ಎಂದೂ ಇತ್ತು. ಶಾಲೆಗೆ ಸೇರುವ ಮೊದಲೇ ನಾನು ಗುರುತು ಹಿಡಿದ ಮೊದಲ ಇಂಗ್ಲಿಷ್ ಅಕ್ಷರಗಳು ಅವು. ಜ್ವರ ಬಂದು ಮಲಗಿದ ದಿನಗಳಲ್ಲಿ ಒಂದು ಸಾಲು ಮುಗಿಸಿ ಇನ್ನೊಂದು ಸಾಲಿಗೆ ಹೋಗುತ್ತಿದ್ದೆ. ಎಲ್ಲ ಕಡೆಯೂ ಅದೇ ಪಾಠ.

ಅಜ್ಜನಿಗೆ ಈ ಇಸವಿಯ ಮೇಲೆ ಪ್ರಾಣ. ಮನೆಗೆ ಹೊಸಬರು ಬಂದರೆ ಬೆಲ್ಲ ನೀರು ಕೊಟ್ಟಾದ ಮೇಲೆ ಕೋಲಿನ ತುದಿ ಮೇಲಕ್ಕೆತ್ತಿ, "ಕಾಣಿ, ಸಾವಿರದ ಎಂಟುನೂರ ಅರುವತ್ತೈದು" ಎನ್ನುತ್ತಿದ್ದರು. ಬಂದವರು ಕುತ್ತಿಗೆ ಹಿಂದಕ್ಕೆ ಬಾಗಿಸಿ ಹೌದೌದು ಎನ್ನಬೇಕು. ತೊಂದರೆ ಬಂದದ್ದು ತೋಡಿನ ಆಚೆಯ ಮನೆಯವರಿಂದ. ಅವರ ಕೊಟ್ಟಿಗೆಯ ಮಾಡಿನಲ್ಲೂ 1865 ಇತ್ತು. ಮನೆಗಿಂತ ಕೊಟ್ಟಿಗೆ ಯಾವತ್ತೂ ಹೊಸತು, ಆದ್ದರಿಂದ ತಮ್ಮ ಮನೆ 1865ಕ್ಕಿಂತ ಹಳೆಯದು ಎಂಬುದು ಅವರ ವಾದ. ತರ್ಕದಲ್ಲಿ ಲೋಪವಿರಲಿಲ್ಲ. ಅಜ್ಜ ಅದಕ್ಕೆ, ಕೊಟ್ಟಿಗೆಯ ಹೆಂಚು ಇನ್ನೆಲ್ಲಿಯದೋ ಮನೆ ಬಿಚ್ಚಿದಾಗ ತಂದದ್ದು ಎಂದು ಸಾರಿದರು. ಈ ಜಗಳ ಎರಡೂ ಮನೆಯ ಮದುವೆ ಮುಂಜಿಗಳಲ್ಲಿ ಊಟದ ಪಂಕ್ತಿಯ ತನಕ ಹೋಗಿತ್ತು. ನಮ್ಮ ಶಾಲೆಯ ಹೆಡ್ಮಾಸ್ಟರರು ಒಮ್ಮೆ ತಾನಾಗಿ ಬಾಯಿ ಹಾಕಿ, ಅದು ಮನೆ ಕಟ್ಟಿದ ಇಸವಿಯೂ ಅಲ್ಲ, ಹೆಂಚು ಸುಟ್ಟ ಇಸವಿಯೂ ಅಲ್ಲ, ಕಾರ್ಖಾನೆ ಶುರುವಾದ ಇಸವಿ. ವರ್ಷ ಕಳೆದರೂ ಅಚ್ಚಿನಲ್ಲಿ ಅದನ್ನೇ ಒತ್ತುತ್ತಿದ್ದರು ಎಂದರು. ಎರಡೂ ಮನೆಯವರು ಮೊದಲ ಬಾರಿಗೆ ಒಂದಾದದ್ದು ಅವತ್ತು, ಹೆಡ್ಮಾಸ್ಟರರ ವಿರುದ್ಧ.

ಮಾಸ್ಟರರು ಹೇಳಿದ್ದು ಸರಿಯೇ. ಈಗಲೂ ಹಳೇ ಸಾಮಾನಿನ ವ್ಯಾಪಾರಿಗಳು ಆ ಹೆಂಚನ್ನು 1865ರ ಮಾಲು ಎಂದೇ ಮಾರುತ್ತಾರೆ, ಕೊಳ್ಳುವವರು ಹಾಗೆಂದೇ ಕೊಳ್ಳುತ್ತಾರೆ. ಕರಾವಳಿಯ ಅರ್ಧ ಊರುಗಳು ಒಂದೇ ವರ್ಷದಲ್ಲಿ ಎದ್ದು ನಿಂತ ಹಾಗೆ ಕಾಣುವುದಕ್ಕೆ ಇದೇ ಕಾರಣ.

ಆ ಅಚ್ಚು ಒತ್ತಿಸಿದ ಮನುಷ್ಯನ ಮೇಲೆ ನನಗೆ ವಿಶೇಷ ಮಮತೆ. ಹೆಸರು ಗಿಯೋರ್ಗ್ ಪ್ಲೆಬ್ಸ್ಟ್. ಅವನು ಮಂಗಳೂರಿಗೆ ಬಂದದ್ದು ಹೆಂಚಿಗಾಗಿ ಅಲ್ಲವೇ ಅಲ್ಲ. 1851ರಲ್ಲಿ, ಮಿಷನ್ನಿನ ಛಾಪಖಾನೆಯ ಕೆಲಸಕ್ಕೆ. ಆ ಛಾಪಖಾನೆ 1841ರಿಂದಲೇ ಇತ್ತು. ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ' ಅಲ್ಲಿಯ ಕಲ್ಲಚ್ಚಿನಲ್ಲಿ ಬಂದದ್ದು ಎಲ್ಲರಿಗೂ ಗೊತ್ತು. ಕಲ್ಲಚ್ಚಿನಿಂದ ಮೊಳೆಯಚ್ಚಿಗೆ ದಾಟುವ ಕಾಲದಲ್ಲಿ ಕನ್ನಡ ಮೊಳೆಗಳ ಜೊತೆ ಏಗಿದವನು ಈ ಪ್ಲೆಬ್ಸ್ಟ್. ಅಂಥವನು ನೇತ್ರಾವತಿಯ ದಂಡೆಯ ಜೇಡಿಮಣ್ಣನ್ನು ಕೈಯಲ್ಲಿ ಹಿಸುಕಿ ನೋಡಿ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ. ಮಣ್ಣು ಅರೆಯಲು ಮೊದಮೊದಲು ಎತ್ತು. ಉಗಿಯಂತ್ರ ಬಂದದ್ದು ಆಮೇಲೆ. ಹೆಂಚಿನ ಕಚ್ಚಿನ ಕಲ್ಪನೆ ಅವನ ಸ್ವಂತದ್ದೆಂದು ಹೇಳಲಾರೆ. ಅಲ್ಸಾಸ್ ಸೀಮೆಯ ಆಲ್ಟ್‌ಕಿರ್ಶ್ ಎಂಬಲ್ಲಿ ಗಿಲಾರ್ಡೋನಿ ಅಣ್ಣತಮ್ಮಂದಿರು 1841ರಲ್ಲೇ ಒಂದರ ಅಂಚು ಇನ್ನೊಂದರ ಕಾಲುವೆಗೆ ಕೂರುವ ಹೆಂಚಿಗೆ ಪೇಟೆಂಟ್ ಪಡೆದಿದ್ದರು. ಬಾಸೆಲಿನಿಂದ ಆಲ್ಟ್‌ಕಿರ್ಶ್ ಹೆಚ್ಚು ದೂರವೂ ಅಲ್ಲ.

ಆದರೆ ಹೆಂಚಿನ ಹೊಟ್ಟೆಯ ಮೇಲೆ ಅಕ್ಷರ ಮೂಡಿಸುವುದಿದೆಯಲ್ಲ, ಅದು ಛಾಪಖಾನೆಯವನ ಕೈಚಳಕವೆಂದೇ ನನ್ನ ಹಟ. ಬೇರೆ ದೇಶದ ಹೆಂಚುಗಾರರೂ ಹೆಸರು ಒತ್ತುತ್ತಿದ್ದರು ಎಂದು ನೀವು ಹೇಳಬಹುದು, ಹೇಳಿ. ಅಚ್ಚಿನಲ್ಲಿ ಅಕ್ಷರವನ್ನು ತಿರುಗಾಮುರುಗಾ ಕೊರೆಯಬೇಕು, ಆಗ ಮಣ್ಣಿನಲ್ಲಿ ಅದು ನೆಟ್ಟಗೆ ಮೂಡುತ್ತದೆ. ಮೊಳೆ ಜೋಡಿಸುವವನಿಗೆ ಇದು ನಿತ್ಯದ ಕೆಲಸ. ಒಂದು ಬದಿ ಖಾಲಿ ಬಿಟ್ಟು ಹಾಗೇ ಸುಡಲು ಅವನಿಗೆ ಮನಸ್ಸಾದರೂ ಹೇಗೆ ಬಂದೀತು? ಅದೇ ಮಿಷನ್ನಿನ ಪ್ರೆಸ್ಸಿನಿಂದ 1894ರಲ್ಲಿ ಕಿಟೆಲ್ ನಿಘಂಟು ಹೊರಬಂತು. ದೊಡ್ಡ ಕೆಲಸ, ಪ್ರಶ್ನೆಯಿಲ್ಲ. ಓದುಗರ ಲೆಕ್ಕ ಹಿಡಿದರೆ ಮಾತ್ರ, ಬೆನ್ನ ಮೇಲೆ ಮಲಗಿ ಓದಿದವರನ್ನೂ ಸೇರಿಸಿಕೊಂಡರೆ, ಹೆಂಚಿನ ಮುಂದೆ ನಿಘಂಟು ನಿಲ್ಲಲಾರದು. ಮೊದಲ ಮಹಾಯುದ್ಧ ಬಂದು ಜರ್ಮನರು ಶತ್ರುಗಳಾಗಿ, ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋಯಿತು. ನಮ್ಮ ಅಡುಗೆಮನೆಯ ಮಾಡಿನಲ್ಲಿ ಇರುವುದು ಕಾಮನ್‌ವೆಲ್ತ್ ಹೆಂಚು. ಹೊಗೆ ಹಿಡಿದು ಅದನ್ನು ಯಾರೂ ಓದುವಂತಿಲ್ಲ.

ಹಾಗೆ ನೋಡಿದರೆ ನಮ್ಮ ಮನೆಗೆ ಮೇಲೊಬ್ಬ ಜರ್ಮನ್, ಕೆಳಗೊಬ್ಬ ಜರ್ಮನ್, ನಡುವೆ ನಾವು ಗಂಜಿ ಉಣ್ಣುವವರು. ಮಾಡಿನ ಉಪಚಾರ ನಮಗೆ ತಲೆಮಾರಿನಿಂದ ಗೊತ್ತಿತ್ತು. ಅದಕ್ಕೂ ಹಿಂದೆ ಮುಳಿಹುಲ್ಲಿನ ಮಾಡು, ವರ್ಷ ವರ್ಷ ಹೊದಿಸಬೇಕು, ಬೆಂಕಿಯ ಹೆದರಿಕೆ ಬೇರೆ. ಹೆಂಚು ಬಂದ ಮೇಲೆ ಮೇ ತಿಂಗಳ ಕೊನೆಗೊಬ್ಬ ಮಾಡಿಗೆ ಹತ್ತಿ, ಕಾಲುವೆಯಲ್ಲಿ ಕೂತ ಹಲಸಿನ ಎಲೆ ತೆಗೆದು, ಮಂಗ ಒಡೆದ ಹೆಂಚನ್ನು ಎಳೆದು ಬೇರೆ ತೂರಿಸಿ ಇಳಿದರೆ ಮುಗಿಯಿತು. ಹೆಂಚನ್ನು ತಿಕ್ಕಿ ತೊಳೆಯಬೇಕೆಂದು ಯಾರಿಗೂ ತೋರಲಿಲ್ಲ. ಅದು ಕಪ್ಪಾಯಿತು, ಹಾವಸೆ ಕಟ್ಟಿತು, ಅದರ ಮೇಲೆ ಸಣ್ಣ ಜರಿಗಿಡವೂ ಎದ್ದಿತು. ಕಾಲುವೆ ಕಟ್ಟದಿದ್ದರೆ ಸಾಕಿತ್ತು.

ನೆಲಕ್ಕೆ ಬಂದಾಗ ಮಾತ್ರ ನಮಗೆ ಈ ಬುದ್ಧಿ ಕೈಕೊಡುತ್ತದೆ. ಅಂಗಳ ಅಂದರೆ ನಮ್ಮ ಜನಕ್ಕೆ ವರ್ಷಕ್ಕೊಮ್ಮೆ ಹುಟ್ಟಿ ಬರುವ ವಸ್ತು: ಮಳೆ ಬಿಟ್ಟ ಮೇಲೆ ಪಾಚಿ ಕೆತ್ತಿ, ಮಣ್ಣು ತಟ್ಟಿ ಸಮ ಮಾಡಿ, ಸೆಗಣಿ ಸಾರಿಸಿದರೆ ಅಡಿಕೆ ಒಣಹಾಕಲು ತಯಾರು. ಮಳೆಗಾಲದಲ್ಲಿ ಜಾರಬಾರದೆಂದು ನಡೆವ ದಾರಿಗೆ ಅಡಿಕೆಯ ಸೋಗೆ. ಈಗ ಇಂಟರ್‌ಲಾಕ್ ಹಾಸಿದ ಮೇಲೂ ಕೈ ಸುಮ್ಮನಿರುವುದಿಲ್ಲ, ಕೆತ್ತಲೇಬೇಕು, ಹೊಸತು ಮಾಡಲೇಬೇಕು. ಒಬ್ಬರು ಪಾಯಿಖಾನೆಯ ಆಸಿಡ್ ಸುರಿಯುತ್ತಾರೆ. ಅದು ಪಾಚಿಯನ್ನು ತಿನ್ನುವ ಹಾಗೆಯೇ ಸಿಮೆಂಟನ್ನೂ ತಿನ್ನುತ್ತದೆ. ಎರಡು ವರ್ಷದಲ್ಲಿ ಕೆಂಪು ಕಲ್ಲಿನ ಬಣ್ಣ ಹೋಗಿ ಒಳಗಿನ ಜಲ್ಲಿ ಇಣುಕುತ್ತದೆ. ಇನ್ನೊಬ್ಬರಿಗೆ ಹೊಸ ಕಲ್ಲಿನ ಮೇಲೆ ಬಿಳಿ ಪೊರೆ ಕಂಡು ಗಾಬರಿ. ಅದು ಸಿಮೆಂಟಿನೊಳಗಿನ ಸುಣ್ಣ ನೀರಿನ ಜೊತೆ ಮೇಲೆ ಬಂದದ್ದು, ನಾಲ್ಕು ಮಳೆಗೆ ತಾನಾಗಿ ಹೋಗುವಂಥದ್ದು. ತಡೆಯಲಾರದೆ ಅವರೂ ಆಸಿಡ್ ತರುತ್ತಾರೆ.

ನಮ್ಮಲ್ಲಿ ನಡೆಯುವುದು ಇಷ್ಟೇ. ಪಾಚಿ ಹಸಿಯಾಗಿರುವಾಗಲೇ ಬ್ಲೀಚಿಂಗ್ ಪುಡಿ ಕದಡಿದ ನೀರು ತಳಿದು, ಸ್ವಲ್ಪ ಹೊತ್ತು ಬಿಟ್ಟು, ಗಟ್ಟಿ ಬ್ರಷ್ಷಿನಲ್ಲಿ ಉಜ್ಜುವುದು. ಬಾವಿಯ ಬದಿಗೂ ತುಳಸಿಯ ಬದಿಗೂ ಆ ನೀರು ಹರಿಯದ ಹಾಗೆ ನೋಡಿಕೊಳ್ಳಬೇಕು. ಗನ್ನು ಹಿಡಿಯಲೇಬೇಕೆಂದರೆ ಓರೆಯಾಗಿ, ದೂರದಿಂದ. ಕಾರಿನ ಅಡಿಗೆ ಎಣ್ಣೆ ತೊಟ್ಟಿಕ್ಕಿದರೆ ಮೊದಲು ನೀರು ಹಾಕಬಾರದು, ಹರಡುತ್ತದೆ. ಒಲೆಬೂದಿಯನ್ನೋ ಮರದ ಮಿಲ್ಲಿನ ಹುಡಿಯನ್ನೋ ಮುಚ್ಚಿ, ಮರುದಿನ ಗುಡಿಸಿ, ಆಮೇಲೆ ಸೋಪಿನ ಪುಡಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕುವುದು. ಅಷ್ಟಕ್ಕೂ ಹೋಗದಿದ್ದರೆ ಆ ಒಂದು ಕಲ್ಲನ್ನು ಎಬ್ಬಿಸಿ, ಹೂಕುಂಡದ ಅಡಿಯ ಕಲ್ಲನ್ನು ಅಲ್ಲಿಗೆ ಕೂರಿಸಿದರಾಯಿತು. ಒಡೆದ ಹೆಂಚು ಬದಲಿಸಿದ ಹಾಗೆಯೇ, ಏಣಿ ಬೇಡ ಅಷ್ಟೇ. ಬಿಸಿಲು ಗಟ್ಟಿಯಾದ ಮೇಲೆ ಸೋಸಿದ ಒಣ ಹೊಯ್ಗೆ ಹರಡಿ, ಹಿಡಿಸೂಡಿಯಲ್ಲಿ ಓರೆಯಾಗಿ ಗುಡಿಸಿ ಸಂದು ತುಂಬಿಸುವುದು ಕೊನೆಯ ಕೆಲಸ. ಹೊಳೆಯ ಹೊಯ್ಗೆಗೆ ಈಗ ಇರುವ ಕಾನೂನು ಕಟ್ಟಳೆ ನೋಡಿದರೆ, ಇರುವೆಗಳು ಸಂದಿನಿಂದ ಎತ್ತಿ ಮೇಲೆ ಗುಪ್ಪೆ ಹಾಕಿದ್ದನ್ನೂ ಎಸೆಯಲು ಮನಸ್ಸು ಬರುವುದಿಲ್ಲ.

ಉಳಿದದ್ದು ಸಂದಿನಲ್ಲಿ ಏಳುವ ಹುಲ್ಲು. ಅದನ್ನು ಬೇರುಸಹಿತ ಕೀಳಬೇಕು, ಇಲ್ಲದಿದ್ದರೆ ಬೇರು ಹೊಯ್ಗೆಯನ್ನು ಸಡಿಲಿಸುತ್ತದೆ ಎಂದು ನಾನು ಕತ್ತಿ ಹಿಡಿದು ಕೂತರೆ ಅಮ್ಮ ಬಿಡುವುದಿಲ್ಲ. ಚೌತಿ ಹತ್ತಿರ ಬಂತು, ಗಣಪತಿಗೆ ಗರಿಕೆ ಎಲ್ಲಿಂದ ತರುವುದು ಎಂಬುದು ಅವರ ಪ್ರಶ್ನೆ. ಕೇಳುವುದರಲ್ಲಿ ಅರ್ಥವಿದೆ. ಅಂಗಳಕ್ಕೆಲ್ಲ ಕಲ್ಲು ಹಾಸಿದ್ದೇವೆ, ತೋಡಿನ ಬದಿಗೆ ಕಾಂಕ್ರೀಟು ಬಂದಿದೆ, ಗದ್ದೆಯ ಹುಣಿಗೆ ಮದ್ದು ಬಿಡುತ್ತಾರೆ. ಸುತ್ತಮುತ್ತ ಒಳ್ಳೆ ಗರಿಕೆ ಇರುವುದೆಂದರೆ ಈ ಎರಡು ಮಿಲಿಮೀಟರಿನ ಸಂದಿನಲ್ಲಿ ಮಾತ್ರ. "ಕಾರಿನ ಅಡಿಯದು ಎಣ್ಣೆ ತಾಗಿದ್ದು, ದೇವರಿಗೆ ಆಗುದಿಲ್ಲ, ಅದನ್ನು ಬೇಕಾದರೆ ಕೀಳು. ಗೇಟಿನ ಹತ್ತಿರದ್ದನ್ನು ಮುಟ್ಟಬೇಡ" ಎಂದು ಅಮ್ಮ ಗಡಿ ಹಾಕಿದ್ದಾರೆ. ತೋಡಿನ ಆಚೆಯ ಮನೆಯವರು ಆಗಲೇ ಬಂದು ಇಪ್ಪತ್ತೊಂದು ಕುಡಿ ಕೇಳಿ ಹೋಗಿದ್ದಾರೆ. ಅವರ ಅಂಗಳವನ್ನು ಕಳೆದ ವಾರ ಗನ್ನಿನವನು ತೊಳೆದಾಗಿದೆ.