ಹುಣಸೆ ಬೀಜದ ಪಾಠ

ಒಂದನೇ ತರಗತಿಗೆ ಪಾಠ ಹೇಳುವವರಿಗೆ ಜೂನ್ ತಿಂಗಳ ಮೊದಲ ವಾರವೆಂದರೆ ದೊಡ್ಡ ಪರೀಕ್ಷೆ. ಅಮ್ಮನ ಸೆರಗು ಬಿಡದವರು, ಬಾಗಿಲು ತೆರೆದರೆ ಓಟ ಕೀಳುವವರು, ಚಡ್ಡಿ ಒದ್ದೆ ಮಾಡಿಕೊಂಡು ಮೂಲೆ ಹಿಡಿಯುವವರು! ಇಪ್ಪತ್ತಾರು ವರ್ಷ ಈ ಸಂತೆ ನೋಡಿರುವ ನನಗೆ ಯಾವ ಮಗು ಒಳ್ಳೆಯ ಅಂಗನವಾಡಿಯಿಂದ ಬಂದದ್ದೆಂದು ಹೆಸರು ಕೇಳುವ ಮೊದಲೇ ತಿಳಿದುಬಿಡುತ್ತದೆ. ಊಟದ ಗಂಟೆ ಹೊಡೆದಾಗ ಕೈತೊಳೆಯಲು ಸಾಲು ನಿಲ್ಲುವುದು ಅದೇ. ಪಕ್ಕದವನ ಬಳಪ ಮುರಿದರೆ ತನ್ನದರಲ್ಲಿ ಅರ್ಧ ಕೊಡುವುದೂ ಅದೇ. ಕಾನ್ವೆಂಟಿನ ಫೀಸು ಕಟ್ಟಲಾಗದೆ ನಮ್ಮಲ್ಲಿಗೆ ಬರುವ ಮಗು ಎಬಿಸಿಡಿ ತಪ್ಪಿಲ್ಲದೆ ಬರೆಯುತ್ತದೆ, ನಿಜ. "ನಿಮ್ಮನೇಲಿ ಬೆಕ್ಕು ಇದೆಯಾ ಕಂದಾ?" ಎಂದರೆ ಮಾತ್ರ ನನ್ನ ಮುಖವನ್ನೇ ನೋಡುತ್ತದೆ. ಎಲ್ಲ ಮಕ್ಕಳೂ ಹೀಗೆಂದಲ್ಲ, ಎಲ್ಲ ಅಂಗನವಾಡಿಗಳೂ ಒಳ್ಳೆಯವೆಂದೂ ಅಲ್ಲ.

ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಹೆಂಗಸು ಹೋದ ವರ್ಷ ಕಿವಿಯ ಓಲೆ ಅಡವಿಟ್ಟು ಮಗಳನ್ನು ಎಲ್‌ಕೆಜಿಗೆ ಸೇರಿಸಿದಳು. ಅವಳ ಮನೆಯಿಂದ ನಾಲ್ಕು ಹೆಜ್ಜೆಗೆ ಅಂಗನವಾಡಿ ಇದೆ. ಕೇಳಿದ್ದಕ್ಕೆ, "ಅಲ್ಲಿಗೆ ಹೋಗೋದು ಉಪ್ಪಿಟ್ಟಿಗೆ ಅಲ್ವಾ ಟೀಚರಮ್ಮ? ಓದೋಕೆ ಕಾನ್ವೆಂಟೇ ಆಗ್ಬೇಕು" ಎಂದಳು. ಅವಳ ಬರಿಗಿವಿ ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಅವಳ ಮೇಲಲ್ಲ.

ಅಂಗನವಾಡಿ ಹುಟ್ಟಿದ್ದು ಬರಿಯ ಉಪ್ಪಿಟ್ಟಿಗಲ್ಲ. ತಾರಾಬಾಯಿ ಮೋಡಕ್ 1945ರಲ್ಲಿ ಕಡಲ ತೀರದ ಬೋರ್ಡಿ ಎಂಬ ಊರಿನಲ್ಲಿ, ಬಡವರ ಮನೆಯಂಗಳಕ್ಕೇ ಶಿಶುವಿಹಾರವನ್ನು ಕೊಂಡೊಯ್ದರು. ಅನುತಾಯಿ ವಾಘ್ ಅವರಿಗೆ ಜೊತೆಯಾದರು. ಮಾಂಟೆಸರಿಯ ದುಬಾರಿ ಸಾಮಾನುಗಳ ಬದಲು ಎಲೆ, ಕಲ್ಲು, ಬೀಜಗಳಿಂದಲೇ ಕಲಿಸಿದರು. ಎಷ್ಟು ಸರಿ ನೋಡಿ! ಮೂರು ವರ್ಷದ ಮಗುವಿನ ಬೆರಳಿಗೆ ಪೆನ್ಸಿಲ್ ಹಿಡಿಯುವ ಬಲ ಬಂದಿರುವುದಿಲ್ಲ. ಹುಣಸೆ ಬೀಜ ಆರಿಸಿ, ಮಣ್ಣು ಕಲಸಿ, ಹೂ ಪೋಣಿಸಿ ಆ ಬಲ ಬರಬೇಕು. ನಮ್ಮ ಅಜ್ಜಿಯರು ಚೌಕಾಬಾರಕ್ಕೆ ಕೂರಿಸಿಕೊಂಡು ಲೆಕ್ಕ ಕಲಿಸಿದ್ದೂ ಹೀಗೆಯೇ ಅಲ್ಲವೇ? ಇದಕ್ಕೆ ಸಾಮಾನಿನ ಖರ್ಚಿಲ್ಲ. ಮಗುವಿನ ಎದುರು ಕೂತು ಮಾತಾಡಲು ಪುರುಸೊತ್ತಿರುವ, ತರಬೇತಾದ ಒಬ್ಬ ಹೆಂಗಸು ಬೇಕು. ಖರ್ಚು ಇರುವುದು ಅಲ್ಲಿ.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಊಟ, ಚುಚ್ಚುಮದ್ದು, ಆರೋಗ್ಯ ತಪಾಸಣೆಗಳ ಜೊತೆಗೆ ಶಾಲಾಪೂರ್ವ ಶಿಕ್ಷಣವೂ ಅದರಲ್ಲಿತ್ತು. ಆದರೆ ತೂಕ ಬರೆಯಲು ಪುಸ್ತಕವಿದೆ, ಅಕ್ಕಿ ಬೇಳೆಗೆ ಲೆಕ್ಕವಿದೆ. ಇಂದು ಮಗುವಿಗೆ ಕಥೆ ಹೇಳಿದಿರಾ ಎಂದು ಯಾವ ಮೇಲಧಿಕಾರಿ ಕೇಳುತ್ತಾರೆ?

ನಮ್ಮ ಬೀದಿಯ ಕಾರ್ಯಕರ್ತೆಯ ದಿನಚರಿ ನೋಡಬೇಕು ನೀವು. ಮಕ್ಕಳ ತೂಕ, ಗರ್ಭಿಣಿಯರ ಊಟ, ಮನೆ ಭೇಟಿ, ಮತದಾರರ ಪಟ್ಟಿ, ಆ ಸರ್ವೆ, ಈ ಸರ್ವೆ. 2021ರಿಂದ ಪೋಷಣ್ ಟ್ರ್ಯಾಕರ್ ಎಂದು ಮೊಬೈಲು ಬೇರೆ. ಆಕೆ ಮೊಬೈಲಿಗೆ ನೆಟ್‌ವರ್ಕ್ ಹುಡುಕುತ್ತಾ ಕಟ್ಟೆಯ ಮೇಲೆ ನಿಂತಿದ್ದರೆ, ಮಕ್ಕಳನ್ನು ನೋಡಿಕೊಳ್ಳುವುದು ಒಲೆಯ ಮುಂದಿರುವ ಸಹಾಯಕಿ. ಇಷ್ಟಕ್ಕೆ ಸಿಗುವುದಕ್ಕೆ ಸಂಬಳವೆಂಬ ಹೆಸರೂ ಇಲ್ಲ, ಗೌರವಧನ! 2018ರಲ್ಲಿ ಕೇಂದ್ರ ಸರ್ಕಾರ ತಾನು ಕೊಡುವ ಪಾಲನ್ನು ತಿಂಗಳಿಗೆ 3000ದಿಂದ 4500 ರೂಪಾಯಿಗೆ ಏರಿಸಿತು. ಅದರ ಮೇಲೆ ರಾಜ್ಯ ತನ್ನದನ್ನು ಸೇರಿಸುತ್ತದೆ. ಗ್ರಾಚ್ಯುಟಿ ಇವರಿಗೂ ಸಲ್ಲಬೇಕೆಂದು ಹೇಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು. ಒಂದನೇ ತರಗತಿಯ ನನಗೆ ಪೂರ್ತಿ ಸಂಬಳ, ನನಗಿಂತ ಕಷ್ಟದ ವಯಸ್ಸಿನ ಮಕ್ಕಳನ್ನು ಸುಧಾರಿಸುವ ಆಕೆಗೆ ಗೌರವ. ಗೌರವವನ್ನು ದಿನಸಿ ಅಂಗಡಿಯವರು ತಗೊಳ್ಳುತ್ತಾರೆಯೇ?

ಕಾನೂನೂ ಅಷ್ಟೇ. 2002ರ ಸಂವಿಧಾನ ತಿದ್ದುಪಡಿ ಆರರಿಂದ ಹದಿನಾಲ್ಕು ವರ್ಷದವರಿಗೆ ಶಿಕ್ಷಣವನ್ನು ಹಕ್ಕಾಗಿಸಿತು. ಆರರ ಒಳಗಿನವರಿಗಾಗಿ ಸರ್ಕಾರ ಪ್ರಯತ್ನಿಸಬೇಕು ಎಂದಷ್ಟೇ ಬರೆದು ಮುಗಿಸಿತು. 2020ರ ಹೊಸ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷವನ್ನು ಒಂದೇ ಬುನಾದಿ ಹಂತ ಎಂದಿದೆ, ಸಂತೋಷ. ಆದರೆ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ ತೆರೆಯುವ ಮಾತು ಬಂದಾಗ, 2024ರಲ್ಲಿ ಕಾರ್ಯಕರ್ತೆಯರು ಬೀದಿಗಿಳಿದರು. ನಾನು ಶಾಲೆಯವಳಾದರೂ ನನ್ನ ಮನಸ್ಸು ಅವರ ಕಡೆಗೇ. ದೊಡ್ಡ ಮಕ್ಕಳು ಶಾಲೆಗೆ ಹೋದರೆ ಅಂಗನವಾಡಿಯಲ್ಲಿ ಉಳಿಯುವುದೇನು? ಇದ್ದ ಮನೆಯ ಸೂರು ಸೋರುವಾಗ ಪಕ್ಕದಲ್ಲಿ ಇನ್ನೊಂದು ಚಪ್ಪರ ಹಾಕಿದಂತೆ.

ಮೊನ್ನೆ ನಮ್ಮ ಬೀದಿಯ ಬಾಲವಿಕಾಸ ಸಮಿತಿಯ ಸಭೆಗೆ ನನ್ನನ್ನೂ ಕರೆದಿದ್ದರು. ಪುರಸಭೆಯ ಸದಸ್ಯರು ಉದಾರವಾಗಿ, ಗೋಡೆಗೆ ಚಿತ್ರ ಬರೆಸಿಕೊಡುತ್ತೇನೆ, ಆನೆ ಬೇಕೋ ನವಿಲು ಬೇಕೋ ಎಂದರು. ಹಿಂದಿನ ಸಾಲಿನಲ್ಲಿ ಕೂಸನ್ನು ಸೊಂಟದ ಮೇಲಿಟ್ಟುಕೊಂಡಿದ್ದ ತಾಯಿಯೊಬ್ಬಳು, "ಆನೆ ಆಮೇಲೆ ಬರಲಿ ಸಾರ್, ಆಟ ಆಡ್ಸೋಕೆ ಇನ್ನೊಬ್ರು ಟೀಚರ್ ಕೊಡ್ಸಿ" ಎಂದಳು. ಅರ್ಜಿ ನಾನೇ ಬರೆದೆ. ಹನ್ನೊಂದು ಸಹಿ, ಎರಡು ಹೆಬ್ಬೆಟ್ಟು. ಅದು ಈಗ ತಾಲ್ಲೂಕು ಕಚೇರಿಯ ಮೇಜಿನ ಮೇಲಿದೆ. ಸೋಮವಾರ ಎಲ್ಲರೂ ಸೇರಿ ವಿಚಾರಿಸಲು ಹೋಗುವವರಿದ್ದೇವೆ.